ಓದುಗರ ಪ್ರಶ್ನೆ, ನಮ್ಮ ಉತ್ತರ: ಅಡುಗೆಮನೆಯ ಗೋಡೆಯ ಮೇಲಿನ ಇರುವೆಸಾಲು

ಪ್ರಶ್ನೆ: ನನಗೆ ಆರು ವರ್ಷದ ಮಗಳಿದ್ದಾಳೆ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಅಡುಗೆ, ಪಾತ್ರೆ, ಬಟ್ಟೆ, ಕಚೇರಿ ಎಂದು ದಿನ ಕಳೆದುಹೋಗುತ್ತದೆ. ಮಕ್ಕಳಿಗೆ ಪ್ರಕೃತಿಯ ಒಡನಾಟ ಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮದು ಮೂರನೆಯ ಮಹಡಿಯ ಮನೆ. ಕಾಡು, ಬೆಟ್ಟಗಳಿಗೆ ಕರೆದೊಯ್ಯುವಷ್ಟು ಬಿಡುವೂ ಇಲ್ಲ. ಇನ್ನೂ ಸಂಕೋಚದ ಮಾತೆಂದರೆ, ಈಗೀಗ ಯಾವುದನ್ನು ಕಂಡರೂ ನನಗೇ ಬೆರಗಾಗುವುದಿಲ್ಲ. ನನ್ನಲ್ಲಿಲ್ಲದ್ದನ್ನು ಮಗುವಿಗೆ ಹೇಗೆ ಕೊಡಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೆರಗನ್ನು ನೀವು ಮಗಳಿಗೆ ಕೊಡಬೇಕಾಗಿಲ್ಲ, ಅವಳ ಬಳಿ ಬೇಕಾದಷ್ಟಿದೆ. ಶಾಲೆಗೆ ಹೊತ್ತಾಯಿತೆಂದು ನೀವು ಅವಸರಿಸುತ್ತಿರುವಾಗಲೇ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತು ಏನನ್ನೋ ನೋಡುತ್ತ ನಿಮ್ಮ ಸಹನೆಯನ್ನು ಪರೀಕ್ಷಿಸುತ್ತಾಳಲ್ಲ, ಅದು ಅದೇ. ಅವಳಿಗೆ ಬೇಕಿರುವುದು ದಿನಕ್ಕೊಮ್ಮೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಅವಳು ನೋಡಿದ್ದನ್ನೇ ನೋಡುವ ಇನ್ನೊಂದು ಜೊತೆ ಕಣ್ಣು. ಪ್ರವಾಸಗಳನ್ನು ನಾನು ಬೇಡವೆನ್ನುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಕಾಣುವ ಜಲಪಾತಕ್ಕಿಂತ ದಿನವೂ ಕಾಣುವ ಕಿಟಕಿಯ ಬಿಸಿಲಿನಲ್ಲಿ ಮಗುವಿಗೆ ಹೆಚ್ಚು ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಜಲಪಾತ ಮೊದಲ ನೋಟಕ್ಕೇ ತನ್ನದೆಲ್ಲವನ್ನೂ ತೋರಿಸಿಬಿಡುತ್ತದೆ. ಬಿಸಿಲು ನಿನ್ನೆ ಇದ್ದಲ್ಲಿ ಇಂದು ಇರುವುದಿಲ್ಲ.

ಬಿಸಿಲಿನಿಂದಲೇ ತೊಡಗಬಹುದು. ಕಿಟಕಿಯಿಂದ ನೆಲದ ಮೇಲೆ ಬಿದ್ದ ಬಿಸಿಲಿನ ತುಂಡಿಗೆ ಮಗಳ ಕೈಯಲ್ಲಿ ಸೀಮೆಸುಣ್ಣದ ಗೆರೆ ಎಳೆಸಿ, ನೀವು ಬಟ್ಟೆ ಮಡಚಲು ಹೋಗಿ. ಹತ್ತು ನಿಮಿಷದ ನಂತರ ಬಂದು ನೋಡಿದರೆ ಬಿಸಿಲು ಗೆರೆ ದಾಟಿರುತ್ತದೆ. ಸರಿದದ್ದು ಬಿಸಿಲಲ್ಲ, ಮನೆ. ನೆಲ, ಗೋಡೆ, ನೀವು, ಮಡಚಿಟ್ಟ ಬಟ್ಟೆ ಎಲ್ಲವನ್ನೂ ಹೊತ್ತ ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗಿದ್ದನ್ನು ಆ ಸುಣ್ಣದ ಗೆರೆ ಹಿಡಿದು ತೋರಿಸುತ್ತದೆ. ಮರುದಿನ, ಮರುವಾರ ಅದೇ ಗಂಟೆಗೆ ಇನ್ನೊಂದು ಗೆರೆ ಎಳೆಸಿದರೆ ಅದು ಬೇರೆ ಜಾಗದಲ್ಲಿ ಬೀಳುತ್ತದೆ. ಆಗ ಋತುಗಳ ಮಾತು ತಾನಾಗಿಯೇ ಬರುತ್ತದೆ. ನೆಲ ಒರೆಸುವಾಗ ಆ ಗೆರೆಗಳನ್ನು ಅಳಿಸಬಾರದೆಂಬ ನಿಯಮವನ್ನು ಮನೆಯವರೆಲ್ಲರೂ ಪಾಲಿಸಬೇಕು ಅಷ್ಟೆ, ಇದು ಸುಲಭದ ಕೆಲಸವಲ್ಲ.

ಇನ್ನು ನೀವು ದಿನವೂ ಒರೆಸಿ ಹಾಕುವ ಇರುವೆಸಾಲು. ಒಂದು ದಿನ ಒರೆಸುವ ಮುನ್ನ ಮಗಳನ್ನು ಕರೆದು, ಸಾಲಿಗೆ ಅಡ್ಡಲಾಗಿ ಗೋಡೆಯ ಮೇಲೆ ಒದ್ದೆ ಬೆರಳನ್ನು ಒಮ್ಮೆ ಉಜ್ಜಲು ಹೇಳಿ. ಎರಡೂ ಕಡೆಯಿಂದ ಬರುತ್ತಿದ್ದ ಇರುವೆಗಳು ಆ ಅಂಚಿಗೆ ಬಂದೊಡನೆ ಕಂಬಕ್ಕೆ ಡಿಕ್ಕಿ ಹೊಡೆದವರಂತೆ ನಿಲ್ಲುತ್ತವೆ. ಮೀಸೆ ಆಡಿಸುತ್ತವೆ, ಹಿಂದಕ್ಕೆ ತಿರುಗುತ್ತವೆ, ಒಂದಕ್ಕೊಂದು ಮುಖ ತಾಗಿಸುತ್ತವೆ. ಹಿಂದಿನವು ಬಂದು ಸೇರಿದಂತೆ ಅಂಚಿನಲ್ಲಿ ಗುಂಪು ಬೆಳೆಯುತ್ತದೆ. ಕಣ್ಣಿಗೆ ಅಲ್ಲಿ ಯಾವ ತಡೆಯೂ ಇಲ್ಲ. ಆದರೆ ಇರುವೆಗಳು ನಡೆಯುತ್ತ ನೆಲಕ್ಕೆ ಸವರಿದ ವಾಸನೆಯ ದಾರಿ ಅಲ್ಲಿ ಅಳಿಸಿಹೋಗಿದೆ. ಅಷ್ಟರಲ್ಲಿ ಯಾವುದೋ ಒಂದು ಇರುವೆ ಅಡ್ಡಾದಿಡ್ಡಿಯಾಗಿ ನುಗ್ಗಿ ಆಚೆ ದಡ ಸೇರುತ್ತದೆ, ಮತ್ತೊಂದು ಅದರ ಹಿಂದೆ ಹೋಗುತ್ತದೆ, ಕೆಲವು ನಿಮಿಷಗಳಲ್ಲಿ ಸಾಲು ಮತ್ತೆ ಕೂಡಿಕೊಳ್ಳುತ್ತದೆ. ಆ ಮೊದಲ ಇರುವೆ ಯಾವುದಾಗಬಹುದೆಂದು ಇಬ್ಬರೂ ಮೊದಲೇ ಊಹಿಸಿ ನೋಡಿ. ನಿಮಗೆ ಬೆರಗಾಗುವುದಿಲ್ಲವೆಂದಿರಿ, ಆ ಊಹೆ ತಪ್ಪಿದಾಗ ನಿಮ್ಮ ಮುಖ ಹೇಗಿರುತ್ತದೆಂದು ಮಗಳನ್ನು ಕೇಳಿ.

ಮನೆಗೆಲಸ ಮತ್ತು ಪ್ರಕೃತಿವೀಕ್ಷಣೆ ಬೇರೆ ಬೇರೆ ಹೊತ್ತಿನ ಕೆಲಸಗಳೆಂಬ ಭಾವನೆಗೆ ಒಳ್ಳೆಯ ಉತ್ತರ ಚಾರ್ಲ್ಸ್ ಡಾರ್ವಿನ್ ಅವರ ಮನೆಯಲ್ಲಿತ್ತು. ಅವರು ಎರೆಹುಳುಗಳನ್ನು ಮಣ್ಣಿನ ಕುಂಡಗಳಲ್ಲಿ ತುಂಬಿ ತಮ್ಮ ಓದುವ ಕೋಣೆಯಲ್ಲೇ ಸಾಕಿದ್ದರು. ಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ಲೋಹದ ಸೀಟಿ ಊದಲಾಯಿತು, ಬಸೂನ್ ಎಂಬ ದಪ್ಪ ದನಿಯ ವಾದ್ಯ ನುಡಿಸಲಾಯಿತು, ಕೂಗಲಾಯಿತು, ಹುಳುಗಳು ಮಿಸುಕಲಿಲ್ಲ. ಕುಂಡಗಳನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಮಾತ್ರ ಸರಕ್ಕನೆ ಬಿಲದೊಳಗೆ ಸೇರಿಕೊಂಡವು. ಸದ್ದು ಅವಕ್ಕೆ ಕೇಳಿಸುತ್ತಿರಲಿಲ್ಲ, ನಡುಕ ತಿಳಿಯುತ್ತಿತ್ತು. ಇದನ್ನೆಲ್ಲ ಅವರು 1881ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಪುಸ್ತಕವಾಗಿ ಪ್ರಕಟಿಸಿದರು. ಆ ಮನೆಯಲ್ಲೂ ಕಸ ಗುಡಿಸಬೇಕಿತ್ತು, ಊಟ ತಣ್ಣಗಾಗುತ್ತಿತ್ತು.

ಪ್ರಶ್ನೆ: ವಾಹನದಲ್ಲಿ ಹೋಗುವಾಗ "ಚಂದ್ರ ನಮ್ಮ ಜೊತೆಗೇ ಯಾಕೆ ಬರುತ್ತಾನೆ?" ಎಂದು ಮಗ ಕೇಳಿದ. ನನಗೆ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಹುಡುಕಿ ಹೇಳುವುದು ಸರಿಯೇ?

ಉತ್ತರ: ಹುಡುಕಿ, ಆದರೆ ಕೂಡಲೇ ಬೇಡ. ಉತ್ತರ ಬಂದ ಕ್ಷಣದಲ್ಲಿ ಮಗು ಚಂದ್ರನನ್ನು ಬಿಟ್ಟು ಪರದೆಯನ್ನು ನೋಡತೊಡಗುತ್ತದೆ. "ನನಗೂ ಗೊತ್ತಿಲ್ಲ, ಇನ್ನೇನೇನು ನಮ್ಮ ಜೊತೆ ಬರುತ್ತದೆ ನೋಡು" ಎಂದು ಹೇಳಿ ನೋಡಿ. ರಸ್ತೆ ಬದಿಯ ಕಂಬ ಸರ್ರನೆ ಹಿಂದೆ ಓಡುತ್ತದೆ, ದೂರದ ಮರ ನಿಧಾನವಾಗಿ ಹೋಗುತ್ತದೆ, ಇನ್ನೂ ದೂರದ ಗುಡ್ಡ ಬಹಳ ಹೊತ್ತು ಜೊತೆಗಿರುತ್ತದೆ. ಈ ಮೂರನ್ನು ಗುರುತಿಸಿದ ಮಗು ನಾಲ್ಕನೆಯ ಮೆಟ್ಟಿಲನ್ನು ಹೆಚ್ಚುಕಡಿಮೆ ತಾನೇ ಹತ್ತುತ್ತದೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಆ ದೂರದ ಮುಂದೆ ನಿಮ್ಮ ಇಡೀ ಪ್ರಯಾಣವೂ ಲೆಕ್ಕಕ್ಕಿಲ್ಲವಾದ್ದರಿಂದ ಅವನು ಕಾಣುವ ದಿಕ್ಕು ಬದಲಾಗುವುದೇ ಇಲ್ಲ. ಮರುದಿನ ಅದೇ ಹೊತ್ತಿಗೆ ಅವನನ್ನು ಹುಡುಕಿಸಿ. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದರಿಂದ ಅವನು ನಿನ್ನೆಯ ಜಾಗದಲ್ಲಿ ಇರುವುದಿಲ್ಲ, ಮಗನಿಗೆ ಹೊಸ ದೂರೊಂದು ಸಿಗುತ್ತದೆ.

ಪ್ರಶ್ನೆ: ಹಲ್ಲಿ, ಜೇಡಗಳನ್ನು ಕಂಡರೆ ನಾನೇ ಕಿರುಚುತ್ತೇನೆ. ಈ ಭಯ ಮಗುವಿಗೆ ಅಂಟದಿರಲು ಏನು ಮಾಡಲಿ?

ಉತ್ತರ: ಭಯವಿಲ್ಲವೆಂದು ನಟಿಸಬೇಡಿ, ಮಕ್ಕಳು ಅದನ್ನು ಥಟ್ಟನೆ ಹಿಡಿಯುತ್ತಾರೆ. ರಾತ್ರಿ ದೀಪದ ಬೆಳಕಿಗೆ ಬರುವ ಹುಳುಗಳಿಗಾಗಿ ಕಿಟಕಿ ಗಾಜಿನ ಹೊರಬದಿಗೆ ಹಲ್ಲಿ ಬಂದಿದ್ದರೆ ಒಳಗಿನಿಂದ ಇಬ್ಬರೂ ಅದರ ಪಾದಗಳನ್ನು ನೋಡಿ. ನಡುವೆ ಗಾಜಿರುವುದರಿಂದ ನಿಮಗೆ ಧೈರ್ಯ, ಅದಕ್ಕೂ ಧೈರ್ಯ. ಬೆರಳುಗಳ ಅಡಿಯಲ್ಲಿ ಅಡ್ಡಡ್ಡ ಪಟ್ಟಿಗಳು ಕಾಣುತ್ತವೆ. ಆ ಪಟ್ಟಿಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅಂಟಿನ ಹಂಗಿಲ್ಲದೆ, ರೋಮದ ತುದಿಗೂ ಗಾಜಿಗೂ ನಡುವಿನ ಅಣುಗಳ ಸೆಳೆತದಿಂದಲೇ ಹಲ್ಲಿ ನಿಲ್ಲುತ್ತದೆ. ಹೆಜ್ಜೆ ಎತ್ತುವಾಗ ಅದು ಬೆರಳ ತುದಿಯನ್ನು ಮೇಲಕ್ಕೆ ಸುರುಳಿ ಸುತ್ತಿ ಬಿಡಿಸಿಕೊಳ್ಳುತ್ತದೆ, ಗಮನವಿಟ್ಟು ನೋಡಿದರೆ ಇದೂ ಕಾಣುತ್ತದೆ. ಜೇಡದ ಸರದಿ ಮುಂದೆಂದಾದರೂ ಬರಲಿ.

ಪ್ರಶ್ನೆ: ಏಳು ವರ್ಷದ ಮಗುವಿಗೆ ದೂರದರ್ಶಕ ಕೊಡಿಸಬಹುದೇ?

ಉತ್ತರ: ಸದ್ಯಕ್ಕೆ ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಕೈಮಸೂರ ಸಾಕು. ಅದನ್ನು ವಸ್ತುವಿನ ಹತ್ತಿರ ಹಿಡಿಯದೆ ಕಣ್ಣಿಗೆ ಒತ್ತಿ ಹಿಡಿದು, ನೋಡಬೇಕಾದ ಎಲೆಯನ್ನೋ ಹರಳುಪ್ಪನ್ನೋ ಹತ್ತಿರಕ್ಕೆ ತರಬೇಕು. ಸೂರ್ಯನ ಕಡೆಗೆ ಮಾತ್ರ ಯಾವ ಮಸೂರವನ್ನೂ ತಿರುಗಿಸಕೂಡದು.