ಮನೆ ಮಾರಿದ ರಾತ್ರಿ ಏನಾಯಿತು?

ಒಬ್ಬರ ಅಭಿರುಚಿಯನ್ನು ಇನ್ನೊಬ್ಬರು ಹೀಯಾಳಿಸುವ ತಕರಾರು ಹೊತ್ತು ಈ ವರ್ಷ ಆಪ್ತಸಲಹೆಗೆ ನನ್ನ ಹತ್ತಿರ ಬಂದ ಮೂರನೇ ಗಂಡ-ಹೆಂಡತಿ ಜೋಡಿ ಇದು. ಒಬ್ಬರ ಮನೆಯಲ್ಲಿ ಧಾರಾವಾಹಿ, ಇನ್ನೊಬ್ಬರ ಮನೆಯಲ್ಲಿ ಕ್ರಿಕೆಟ್. ಇವರ ಮನೆಯಲ್ಲಿ ಪುಸ್ತಕ. "ಇಷ್ಟು ಸಣ್ಣ ವಿಷಯಕ್ಕೆಲ್ಲಾ ಸಲಹೆ ಕೇಳೋಕೆ ಬರ್ತಾರಾ?" ಅಂತ ಕೇಳುವವರಿದ್ದಾರೆ. ಬರಬೇಕು, ಸಣ್ಣದಿದ್ದಾಗಲೇ ಬರಬೇಕು. ಇಬ್ಬರ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತು ಬದಲಿಸಿ ಬರೆಯುತ್ತಿದ್ದೇನೆ.

ಮಹಾಂತೇಶ, ಶೈಲಾ ಅಂತ ಇಟ್ಟುಕೊಳ್ಳಿ. ವಿಜಯಪುರದವರು. ಅವರಿಗೆ 43, ಆಕೆಗೆ 38. ಮೊದಲು ಬೀಜ, ಗೊಬ್ಬರದ ಅಂಗಡಿ ಇತ್ತು. ನಷ್ಟವಾಗಿ ಮುಚ್ಚಿತು. ಈಗ ಅವರು ಬೇರೆಯವರ ಹತ್ತಿರ ಲೆಕ್ಕ ಬರೆಯುತ್ತಾರೆ. ರಾತ್ರಿ ಊಟವಾದ ಮೇಲೆ ಅವರ ಕೈಯಲ್ಲಿ ಯಾರದಾದರೂ ಜೀವನಚರಿತ್ರೆ, ಆಕೆಯ ಕೈಯಲ್ಲಿ ಕಾದಂಬರಿ. "ಸುಳ್ಳ ಕತಿ ಓದಿ ಖರೇ ಕಣ್ಣೀರ ಹಾಕ್ತಾಳ ನೋಡ್ರಿ" ಅಂತ ಅತ್ತೆಯ ಮುಂದೆ, ಮಕ್ಕಳ ಮುಂದೆ ಅವರು ನಗುತ್ತಿದ್ದರು. ಒಂದು ದಿನ ಆಕೆ ಓದುವುದನ್ನೇ ಬಿಟ್ಟರು. ಸ್ವಲ್ಪ ದಿನದಲ್ಲಿ ಮಾತನ್ನೂ ಬಿಟ್ಟರು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಕಾದಂಬರಿ ಬರೀ ಸುಳ್ಳಲ್ಲ ಅಂತ ಅವರಿಗೆ ತಿಳಿಸಿ ಹೇಳೋಕೆ ಹೋದೆ. ಭೈರಪ್ಪನವರ 'ಗೃಹಭಂಗ' ಬಂದಿದ್ದು 1970ರಲ್ಲಿ. ಅವರ ಆತ್ಮಕಥೆ 'ಭಿತ್ತಿ' ಬಂದಿದ್ದು 1996ರಲ್ಲಿ. ಪ್ಲೇಗಿಗೆ ಬಲಿಯಾದ ತಾಯಿ ಎರಡರಲ್ಲೂ ಇದ್ದಾಳೆ, ಅಲ್ವಾ ಅಂದೆ. ಮಹಾಂತೇಶ ತಕ್ಷಣ, "ನೋಡ್ರಿ ಮೇಡಂ, ಖರೇ ಹೇಳಾಕ ಅವರಿಗೂ ಇಪ್ಪತ್ತಾರು ವರ್ಷ ಬೇಕಾತು" ಅಂದರು. ಶೈಲಾ ಕಿಟಕಿ ಕಡೆ ತಿರುಗಿ ಕೂತರು. ಪುಸ್ತಕದ ಮೇಲೆ ವಾದ ಮಾಡಿದರೆ ಯಾರೋ ಒಬ್ಬರು ಗೆಲ್ಲುತ್ತಾರೆ, ಇನ್ನೊಬ್ಬರು ಸುಮ್ಮನಾಗುತ್ತಾರೆ. ಆ ಮನೆಯಲ್ಲಿ ದಿನಾ ಆಗುತ್ತಿದ್ದುದನ್ನೇ ನಾನು ನನ್ನ ಕೋಣೆಯಲ್ಲೂ ಮಾಡಿಸಿದ್ದೆ.

ಮೂರನೇ ಸಲ ಮಹಾಂತೇಶ ಒಂದು ಪುಸ್ತಕ ಹಿಡಿದುಕೊಂಡೇ ಬಂದರು. ನಮ್ಮ ಊರಿನ ಫ.ಗು. ಹಳಕಟ್ಟಿಯವರ ಜೀವನಚರಿತ್ರೆ. ವಕೀಲಿಕೆ ಮಾಡುತ್ತಾ ಊರೂರು ಅಲೆದು ತಾಳೆಗರಿ ಕೂಡಿಸಿ, ವಚನಗಳನ್ನು ಅಚ್ಚು ಹಾಕಿಸಿದವರು. "ಇದನ್ನ ಓದಿದ್ರ ಮನಷ್ಯಾ ಬೆಳಿತಾನ" ಅಂತ ಮೇಜಿನ ಮೇಲಿಟ್ಟರು. ನಾನು ಸುಮ್ನೆ ತೆರೆದೆ.

1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು ಅನ್ನುವ ಸಾಲಿನ ಪಕ್ಕ ಪೆನ್ಸಿಲಿನಲ್ಲಿ '43' ಅಂತ ಬರೆದಿತ್ತು. ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ. ಅದು ಆಗಿನ ಅವರ ವಯಸ್ಸು. ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ, 'ನನಗೂ 43'. ಕೆಳಗೆ ಎರಡು ಗೆರೆ. ಎಷ್ಟು ಒತ್ತಿ ಎಳೆದಿದ್ದರೆಂದರೆ ಹಿಂದಿನ ಪುಟದಲ್ಲೂ ಉಬ್ಬಿತ್ತು. ಮುಂದೆ ತಿರುವಿದರೆ 'ಶಿವಾನುಭವ' ಪತ್ರಿಕೆ ಶುರುವಾದ 1926ರ ಪಕ್ಕ '46', ಅದರ ಕೆಳಗೆ 'ಇನ್ನು ಮೂರೇ ವರ್ಷ'.

ನಾನು ಏನೂ ಹೇಳದೆ ಪುಸ್ತಕವನ್ನು ಶೈಲಾ ಕಡೆ ಸರಿಸಿದೆ. ಮಹಾಂತೇಶ ಕೈ ಚಾಚಿ ತಡೆಯಲು ಬಂದವರು ಅರ್ಧಕ್ಕೆ ಕೈ ಹಿಂದಕ್ಕೆ ತಗೊಂಡರು. ಆಕೆ ಆ ಅಂಕಿಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಓದಿದರು. ಹಳಕಟ್ಟಿಯವರು ಮುದ್ರಣಾಲಯಕ್ಕಾಗಿ ಸ್ವಂತ ಮನೆ ಮಾರಿದ ಪುಟಕ್ಕೆ ಬಂದು ನಿಂತರು.

"ಮನಿ ಮಾರಿದ್ರು ಅಂತ ಒಂದ ಸಾಲಿನ್ಯಾಗ ಮುಗಿಸ್ಯಾರ ನೋಡ್ರಿ ಅಕ್ಕಾರ. ಅವತ್ತ ರಾತ್ರಿ ಆ ಮನಿಯೊಳಗ ಏನಾತು? ಆ ಹೆಣ್ಮಗಳು ಒಲಿ ಹಚ್ಚಿದಳೋ ಇಲ್ಲೋ? ಅದನ್ನ ಓದಾಕ ನಾ ಕಾದಂಬರಿ ತಗೋತೀನಿ."

ಆಮೇಲೆ ಗಂಡನ ಕಡೆ ತಿರುಗಿದರು. "ನಮ್ಮ ಅಂಗಡಿ ಮುಚ್ಚಿದ ದಿನಾನೂ ಹಂಗ ಆತು. ನೀವು ಬಂದ್ರಿ, ಕೈಕಾಲ ತೊಳಕೊಂಡ್ರಿ, ರೊಟ್ಟಿ ಉಂಡ್ರಿ, ಪುಸ್ತಕ ತಗದ್ರಿ. ನೀವೂ ಹೇಳಲಿಲ್ಲ. ಕೇಳಾಕ ನನಗೂ ಧೈರ್ಯ ಆಗಲಿಲ್ಲ."

ಮಹಾಂತೇಶ ತಲೆ ತಗ್ಗಿಸಿಕೊಂಡೇ ಹೇಳಿದರು: "ಕೀಲಿ ಹಾಕಿದವ ಸೀದಾ ಮನಿಗೆ ಬಂದಿದ್ದಿಲ್ಲ. ಗೋಳಗುಮ್ಮಟದ ಹತ್ರ ಎರಡ ತಾಸು ಕುಂತಿದ್ದೆ. ನಿನಗ ಏನಂತ ಹೇಳೂದು ಅಂತ."

ಆ ದಿನ ನಾನು ಸಲಹೆ ಕೊಡಲಿಲ್ಲ. ಮಹಾಂತೇಶರನ್ನು ಒಬ್ಬರನ್ನೇ ಕೂರಿಸಿಕೊಂಡು ನಿದ್ದೆ ಹೇಗಿದೆ, ಊಟ ಸೇರುತ್ತದಾ, ಬದುಕೇ ಬೇಡ ಅಂತ ಯಾವಾಗಲಾದರೂ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಹಾಗೇನೂ ಇರಲಿಲ್ಲ. ಇದ್ದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ದುಡಿಮೆಯಲ್ಲಿ ಸೋತ ಗಂಡಸರು ಈ ಲೆಕ್ಕವನ್ನು ಒಳಗೊಳಗೇ ಹಾಕುತ್ತಿರುತ್ತಾರೆ. ಮನೆಯವರಿಗೆ ಕಾಣುವುದು ಅವರ ಚುಚ್ಚುಮಾತು ಮಾತ್ರ.

ಮುಂದಿನ ವಾರ ಹೇಳಿದ್ದು ಇಷ್ಟು. 'ಸುಳ್ಳ ಕತಿ' ಅನ್ನುವ ಮಾತು ಇನ್ನು ಮನೆಯಲ್ಲಿ ಬರಬಾರದು. ಮಕ್ಕಳ ಮುಂದೆ ನಕ್ಕಿದ್ದಕ್ಕೆ ಮಕ್ಕಳ ಮುಂದೆಯೇ ತಪ್ಪಾಯಿತು ಅನ್ನಬೇಕು. ವಾರಕ್ಕೆ ಎರಡು ರಾತ್ರಿ, ಊಟವಾದ ಮೇಲೆ ಮಾಳಿಗೆ ಮೇಲೆ ಹೋಗಿ, ತಾವು ಓದಿದ್ದನ್ನು ಒಬ್ಬರಿಗೊಬ್ಬರು ಹೇಳಬೇಕು. ಕೇಳುವವರು ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವಂತಿಲ್ಲ. "ಮುಂದೇನಾಯ್ತು?" ಅಂತ ಮಾತ್ರ ಕೇಳಬಹುದು. ಪೆನ್ಸಿಲ್ ಲೆಕ್ಕ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಬರೆದಿದ್ದನ್ನು ಹೆಂಡತಿಗೆ ತೋರಿಸಿ ಅಂದೆ.

ಪುಸ್ತಕ ಅದಲುಬದಲು ಮಾಡಿ ಓದಿಸಬೇಕಿತ್ತು, ಅದೇ ಸುಲಭದ ದಾರಿ ಅಂತ ಈ ಕೆಲಸದಲ್ಲೇ ಇರುವ ಗೆಳತಿಯೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಔಷಧಿ ಕೊಟ್ಟಂತೆ ಪುಸ್ತಕ ಕೊಟ್ಟರೆ ಜನ ಪರೀಕ್ಷೆಗೆ ಓದಿದಂತೆ ಓದುತ್ತಾರೆ. ನಾಲ್ಕು ಪುಟ ಓದಿ "ನಂಗೆ ಸೇರಲಿಲ್ಲ" ಅಂದರೆ ಅದೇ ಇನ್ನೊಂದು ಜಗಳ. ಅಭಿರುಚಿ ಬೇರೆ ಇರುವುದರಿಂದ ಯಾವ ಸಂಸಾರಕ್ಕೂ ಹಾನಿ ಇಲ್ಲ. ಆ ಅಭಿರುಚಿಯನ್ನು ನಾಲ್ಕು ಜನರ ಮುಂದೆ ಹೀಯಾಳಿಸುವುದು ಮಾತ್ರ ಒಳಗೇ ಉಳಿದುಬಿಡುತ್ತದೆ. ಇದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಇದನ್ನು ಓದುತ್ತಿರುವವರು ನಿಮ್ಮ ಮನೆಯಲ್ಲಿ ಯಾವ ಮಾತಿಗೆ ಎಲ್ಲರೂ ನಕ್ಕು ಒಬ್ಬರು ಮಾತ್ರ ಎದ್ದು ಒಳಗೆ ಹೋಗುತ್ತಾರೆ ಅಂತ ಒಮ್ಮೆ ನೆನಪಿಸಿಕೊಳ್ಳಿ. ಅಲ್ಲಿಂದ ಶುರುಮಾಡಿ.

ಮಹಾಂತೇಶ ಇವತ್ತಿಗೂ ಕಾದಂಬರಿ ಓದುವುದಿಲ್ಲ. ಶೈಲಾ ಆ ಜೀವನಚರಿತ್ರೆಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ಕಳೆದ ತಿಂಗಳು ಆಕೆ ಒಂದು ಕತೆಯನ್ನು ಮಾಳಿಗೆ ಮೇಲೆ ಹೇಳುತ್ತಾ, ನಿದ್ದೆ ಬಂತು ಅಂತ ನಡುವೆಯೇ ನಿಲ್ಲಿಸಿದರಂತೆ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸದ ಜಾಗದಿಂದ ಗಂಡನ ಫೋನ್ ಬಂತಂತೆ: "ಆಕಿ ತವರಮನಿಗೆ ಹೋದಳೋ ಇಲ್ಲೋ?"