ಪ್ಯಾಡ್ ಬದಲಿಸಿದ ಮೇಲೆ ಎಬಿಎಸ್ ದೀಪ ಹೊತ್ತಿದರೆ

ಪ್ರಶ್ನೆ: ನನ್ನದು ಸಣ್ಣ ಕಾರು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಮಳೆಗಾಲ ಮುಗಿದ ಮೇಲೆ ತೋಟದ ಶೆಡ್ಡಿನಲ್ಲಿ ನಾನೇ ಕುಳಿತು ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಬದಲಿಸಿದೆ, ಹಿಂದಿನ ಡ್ರಮ್ ಬಿಚ್ಚಿ ಲೈನರ್ ಸ್ವಚ್ಛಗೊಳಿಸಿದೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಗಾಡಿ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೀಟರಿನಲ್ಲಿ ಹಳದಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಹೊತ್ತಿಕೊಳ್ಳುತ್ತದೆ. ಕೆಲವು ದಿನ ಅದು ಹೊತ್ತುವುದಿಲ್ಲ. ಅಂಥ ದಿನ ಗಾಡಿ ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲ್ ಕಾಲಡಿಯಲ್ಲಿ ಗರಗರನೆ ನಡುಗಿ, ಗಾಡಿ ಒಂದು ಮಾರು ಮುಂದಕ್ಕೆ ಹೋಗಿ ನಿಲ್ಲುತ್ತದೆ. ಗ್ಯಾರೇಜೊಂದರಲ್ಲಿ ತೋರಿಸಿದಾಗ, ಎಬಿಎಸ್ ಯೂನಿಟ್ಟೇ ಹೋಗಿದೆ, ಬದಲಿಸುವವರೆಗೆ ಫ್ಯೂಸ್ ತೆಗೆದಿಟ್ಟು ಓಡಿಸಿ ಎಂದರು. ಏನು ಮಾಡಲಿ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಯೂನಿಟ್ಟಿಗೆ ದುಡ್ಡು ಸುರಿಯುವ ಮುನ್ನ, ನಿಮ್ಮ ಕೈ ಎಲ್ಲೆಲ್ಲಿ ಆಡಿತ್ತೋ ಅಲ್ಲೆಲ್ಲ ಒಮ್ಮೆ ಕಣ್ಣಾಡಿಸಿ. ಕೆಲಸಕ್ಕೆ ಮೊದಲು ಸುಮ್ಮನಿದ್ದ ದೀಪ ಕೆಲಸ ಮುಗಿದೊಡನೆ ಹೊತ್ತಿತೆಂದರೆ, ಬಾನೆಟ್ಟಿನ ಕೆಳಗೆ ತನ್ನ ಪಾಡಿಗೆ ಕುಳಿತಿರುವ, ನೀವು ಮುಟ್ಟಿಯೂ ಇಲ್ಲದ ಯೂನಿಟ್ಟನ್ನು ಮೊದಲು ಅನುಮಾನಿಸುವುದು ನ್ಯಾಯವಲ್ಲ.

ಈ ವ್ಯವಸ್ಥೆಗೆ ಪ್ಯಾಡ್ ಹೊಸದೋ ಹಳೆಯದೋ ತಿಳಿಯದು. ಅದಕ್ಕೆ ತಿಳಿಯುವುದು ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎನ್ನುವುದೊಂದೇ. ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ಇರುತ್ತದೆ. ಅದರೆದುರು ಹಲ್ಲುಗಳುಳ್ಳ ಒಂದು ಉಕ್ಕಿನ ಬಳೆಯೋ, ಬೇರಿಂಗಿನ ಸೀಲಿನಲ್ಲೇ ಕೂಡಿಸಿದ ಅಯಸ್ಕಾಂತದ ಪಟ್ಟಿಯೋ ತಿರುಗುತ್ತಿರುತ್ತದೆ. ಬ್ರೇಕ್ ಒತ್ತಿದಾಗ ಮೂರು ಚಕ್ರ ತಿರುಗುತ್ತಿದ್ದು ಒಂದು ಥಟ್ಟನೆ ನಿಂತಂತೆ ಕಂಡರೆ, ಅದು ಜಾರುತ್ತಿದೆ ಎಂದು ತಿಳಿದ ಯೂನಿಟ್ಟು ಆ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ನಿಮ್ಮ ಕಾಲಿಗೆ ತಾಗುತ್ತಿರುವ ಗರಗರ ಅದೇ. ವೇಗ ತೀರಾ ಕಡಿಮೆಯಾದಾಗ ಯಾವುದೋ ಒಂದು ಸೆನ್ಸರಿನ ಸಂಕೇತ ಮೊದಲೇ ಸತ್ತುಹೋಗುತ್ತಿದೆ. ಚಕ್ರ ತಿರುಗುತ್ತಲೇ ಇದ್ದರೂ ಯೂನಿಟ್ಟಿಗೆ ಅದು ನಿಂತಂತೆ ಕಾಣುತ್ತಿದೆ. ಹಳದಿ ದೀಪ ಹೊತ್ತಿದ ದಿನ ಎಬಿಎಸ್ ತಾನಾಗಿಯೇ ಕೆಲಸ ನಿಲ್ಲಿಸಿರುವುದರಿಂದ ಪೆಡಲ್ ನಡುಗುವುದಿಲ್ಲ. ಆದ್ದರಿಂದ ನೀವು ಬರೆದಿರುವ ಎರಡು ಲಕ್ಷಣಗಳ ಹಿಂದಿರುವುದು ಒಂದೇ ಕಾಯಿಲೆ.

ದೀಪ ಯಾವಾಗ ಹೊತ್ತುತ್ತದೆ ಎನ್ನುವುದೇ ಅರ್ಧ ಉತ್ತರ. ಕೀಲಿ ತಿರುಗಿಸಿದಾಗ ಹೊತ್ತಿದ ದೀಪ ಆರದೆ ಹಾಗೇ ಉಳಿದರೆ ಸಾಮಾನ್ಯವಾಗಿ ವೈರ್ ತುಂಡಾಗಿರುತ್ತದೆ ಅಥವಾ ವೈರ್ ಜೋಡಿಸುವ ಕಪ್ಲರ್ ಸರಿಯಾಗಿ ಕೂತಿರುವುದಿಲ್ಲ. ಆರಿ, ಗಾಡಿ ಓಡಿದ ಮೇಲೆ ಮತ್ತೆ ಹೊತ್ತಿದರೆ, ವೈರ್ ಇದ್ದರೂ ಅದರಲ್ಲಿ ಬರುತ್ತಿರುವ ಸಂಕೇತ ನಂಬುವಂತಿಲ್ಲ ಎಂದರ್ಥ. ನಿಮ್ಮದು ಎರಡನೆಯ ಬಗೆ; ಹಾಗಾಗಿ ನನ್ನ ಅನುಮಾನ ಮುಂದಿನ ಪ್ಯಾಡಿಗಿಂತ ಹಿಂದಿನ ಡ್ರಮ್ಮಿನ ಮೇಲೆಯೇ ಹೆಚ್ಚು.

ನಮ್ಮ ಮಲೆನಾಡಿನಲ್ಲಿ ನಾಲ್ಕು ತಿಂಗಳ ಮಳೆ ಕುಡಿದ ಡ್ರಮ್ ಸುಲಭವಾಗಿ ಹೊರಬರುವುದಿಲ್ಲ. ಅಂಚಿನಲ್ಲಿ ತುಕ್ಕು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ನಾವು ಸುತ್ತಿಗೆ ಎತ್ತಿಕೊಳ್ಳುತ್ತೇವೆ. ಡ್ರಮ್ಮಿನೊಂದಿಗೇ ಬೇರಿಂಗ್ ಮತ್ತು ಬಳೆ ಹೊರಬರುವ ಮಾದರಿಗಳಲ್ಲಿ ಆ ಪೆಟ್ಟಿಗೆ ಬಳೆ ಬಿರುಕು ಬಿಡಬಹುದು, ತುಸು ಓರೆಯಾಗಬಹುದು. ಅಯಸ್ಕಾಂತದ ಪಟ್ಟಿಯಿದ್ದರಂತೂ ತುಕ್ಕಿನ ಪುಡಿ, ಡ್ರಮ್ ಉಜ್ಜಿದಾಗ ಉದುರಿದ ಕಬ್ಬಿಣದ ಚೂರು ಎಲ್ಲವೂ ಹೋಗಿ ಅದಕ್ಕೇ ಅಂಟಿಕೊಳ್ಳುತ್ತವೆ. ಡ್ರಮ್ ಮತ್ತೆ ಬಿಚ್ಚಿ, ಒಣ ಪೇಂಟ್ ಬ್ರಷ್ಷಿನಿಂದ ಪಟ್ಟಿಯನ್ನೂ ಸೆನ್ಸರಿನ ಮೂತಿಯನ್ನೂ ಮೆಲ್ಲಗೆ ಒರೆಸಿ, ಟಾರ್ಚ್ ಹಿಡಿದು ಬಳೆಯನ್ನು ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಭಾಗ ಬದಲಾಗಬೇಕು. ಕೆಳಗೆ ಬಿದ್ದ ನಟ್ ಎತ್ತಲು ಬಳಸುವ ಅಯಸ್ಕಾಂತದ ಕಡ್ಡಿಯನ್ನು ಮಾತ್ರ ಆ ಪಟ್ಟಿಯ ಹತ್ತಿರ ತರಬೇಡಿ. ಅದರಿಂದ ಪಟ್ಟಿಯೇ ಹಾಳಾದೀತು.

ಮುಂದಿನ ಚಕ್ರಗಳಲ್ಲಿ ನೋಡಬೇಕಾದದ್ದು ಸೆನ್ಸರಿನ ವೈರ್. ಪ್ಯಾಡ್ ಹಾಕುವಾಗ, ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರನ್ನು ತಂತಿ ಕಟ್ಟಿ ಮೇಲಕ್ಕೆ ತೂಗುಹಾಕದೆ ಬ್ರೇಕ್ ಆಯಿಲ್ ಸಾಗುವ ಹೋಸಿನ ಮೇಲೆಯೇ ಜೋತು ಬಿಟ್ಟಿದ್ದರೆ, ಹೋಸಿನ ಜೊತೆಯಲ್ಲೇ ಸಾಗುವ ವೈರ್ ಜಗ್ಗಿ ಕ್ಲಿಪ್ಪಿನಿಂದ ಕಳಚಿರಬಹುದು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಜಾಕಿಯೊಂದನ್ನೇ ನಂಬಿ ಅಡಿಗೆ ತಲೆ ಹಾಕಬೇಡಿ), ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿದಾಗ ವೈರ್ ಎಲ್ಲಾದರೂ ಬಿಗಿಯುತ್ತದೆಯೇ, ಟೈರಿಗೆ ಉಜ್ಜುತ್ತದೆಯೇ ಎಂದು ಗಮನಿಸಿ.

ಅನುಮಾನ ಬಗೆಹರಿಯದಿದ್ದರೆ ಎಬಿಎಸ್ ದೋಷಗಳನ್ನು ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ, ಗಾಡಿ ನೇರವಾಗಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಓಡುವಾಗ ನಾಲ್ಕೂ ಚಕ್ರಗಳ ವೇಗವನ್ನು ತೋರಿಸಲು ಕೇಳಿ. ಮೂರು 20 ಎಂದು ತೋರಿಸುತ್ತಿದ್ದು ಒಂದು ಮಾತ್ರ ಆಗಾಗ ಸೊನ್ನೆಗೆ ಬೀಳುತ್ತಿದ್ದರೆ ಕಳ್ಳ ಸಿಕ್ಕಂತೆಯೇ. ಮೊಬೈಲಿಗೆ ಜೋಡಿಸುವ ಅಗ್ಗದ ಉಪಕರಣಗಳಲ್ಲಿ ಹೆಚ್ಚಿನವು ಎಂಜಿನ್ನಿನ ದೋಷಗಳನ್ನಷ್ಟೇ ಓದುತ್ತವೆ; ಅದರಲ್ಲಿ ಏನೂ ಕಾಣಲಿಲ್ಲವೆಂದು ಸಮಾಧಾನ ಪಡಬೇಡಿ. ಈಗಿನ ಕಾರುಗಳ ಸೆನ್ಸರ್‌ಗಳಲ್ಲಿ ಬಹಳಷ್ಟು ವಿದ್ಯುತ್ ಪಡೆದು ಕೆಲಸ ಮಾಡುವಂಥವು, ಅವನ್ನು ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಪರೀಕ್ಷಿಸುವುದೂ ತಪ್ಪು.

ಫ್ಯೂಸ್ ತೆಗೆದಿಟ್ಟು ಓಡಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಖಾಲಿ ಮೈದಾನದಲ್ಲಿ, ನಿಧಾನ ವೇಗದಲ್ಲಿ, ನಡುಕ ಎಬಿಎಸ್‌ನದೋ ಸೊಟ್ಟಗಾದ ಡಿಸ್ಕಿನದೋ ಎಂದು ತಿಳಿಯಲು ಐದು ನಿಮಿಷ ತೆಗೆದು ನೋಡಬಹುದು. ನಡುಕ ನಿಂತರೆ ಅದು ಎಬಿಎಸ್‌ನದು. ನೋಡಿದ ಮೇಲೆ ಫ್ಯೂಸ್ ಮತ್ತೆ ಅದರ ಜಾಗಕ್ಕೇ ಹೋಗಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲವನ್ನು ಹಂಚುವ ಕೆಲಸವನ್ನೂ ಅದೇ ಯೂನಿಟ್ಟು ಮಾಡುವ ಗಾಡಿಗಳಲ್ಲಿ, ಫ್ಯೂಸ್ ಇಲ್ಲದೆ ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿ ಗಾಡಿ ಅಡ್ಡ ತಿರುಗುವ ಅಪಾಯವಿದೆ. ಹಳದಿ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದರೆ ಓಡಿಸಲೇಬೇಡಿ.

ಪ್ರಶ್ನೆ: ಮನೆಯಲ್ಲೇ ಬ್ರೇಕ್ ಆಯಿಲ್ ಬದಲಿಸಿ, ಪೈಪುಗಳಲ್ಲಿ ಸೇರಿದ ಗಾಳಿ (ಏರ್) ತೆಗೆದೆವು. ನಡುವೆ ಒಮ್ಮೆ, ಬಾನೆಟ್ಟಿನ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಿತ್ತು. ಈಗ ಪೆಡಲ್ ಮೆತ್ತಗಿದೆ. ಎಷ್ಟು ಬಾರಿ ಏರ್ ತೆಗೆದರೂ ಅಷ್ಟೇ.
— ಹಾಸನದ ಓದುಗರು

ಉತ್ತರ: ಡಬ್ಬಿ ಖಾಲಿಯಾದ ಆ ಕ್ಷಣದಲ್ಲೇ ಗಾಳಿ ಎಬಿಎಸ್ ಯೂನಿಟ್ಟಿನೊಳಕ್ಕೆ ಹೋಗಿರಬೇಕು. ಅದರೊಳಗಿನ ಕೆಲವು ಸಣ್ಣ ಕವಾಟಗಳು ಸಾಮಾನ್ಯ ಹೊತ್ತಿನಲ್ಲಿ ಮುಚ್ಚಿರುವುದರಿಂದ, ಒಬ್ಬರು ಪೆಡಲ್ ತುಳಿದು ಇನ್ನೊಬ್ಬರು ಚಕ್ರದ ಬಳಿ ಗಾಳಿ ಬಿಡುವ ತಿರುಪು (ನಿಪ್ಪಲ್) ಸಡಿಲಿಸುವ ನಮ್ಮ ಹಳೆಯ ಪದ್ಧತಿಯಲ್ಲಿ ಆ ಗಾಳಿ ಹೊರಬರುವುದಿಲ್ಲ. ಸ್ಕ್ಯಾನರಿನಿಂದ ಯೂನಿಟ್ಟಿನ ಪಂಪನ್ನು ಓಡಿಸಿ ಏರ್ ತೆಗೆಸಬೇಕು. ಅದಕ್ಕೆ ಮೊದಲು ಒಂದು ಸಂಗತಿ ನೋಡಿಕೊಳ್ಳಿ: ಪೆಡಲ್ ಸ್ಪಂಜಿನಂತಿದ್ದರೆ ಗಾಳಿ, ಆಳಕ್ಕೆ ಇಳಿದರೂ ಅಲ್ಲಿ ಗಟ್ಟಿಯಾಗಿ ನಿಂತರೆ ಹಿಂದಿನ ಲೈನರಿನ ಅಂತರ ಹೆಚ್ಚಾಗಿದೆ ಅಷ್ಟೇ, ಅಡ್ಜಸ್ಟ್ ಮಾಡಿದರೆ ಸಾಕು.

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಸಿಲಿಕೋನಿನ ಡಾಟ್ 5 ಎಬಿಎಸ್ ಗಾಡಿಗಲ್ಲ. ಅರ್ಧ ಉಳಿದ ಹಳೆಯ ಬಾಟಲಿಯನ್ನೂ ಬಳಸಬೇಡಿ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ: ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಹೀರಿದ ಮೇಲೆ ಆ ಮಿತಿ 155ರವರೆಗೂ ಇಳಿಯಬಹುದು. ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟವರಿಗೆ ಆ ವ್ಯತ್ಯಾಸ ಪೆಡಲ್ ನೆಲ ಮುಟ್ಟಿದಾಗಲೇ ತಿಳಿಯುವುದು.

ಪ್ರಶ್ನೆ: ಬೈಕಿನ ಹಿಂದಿನ ಡಿಸ್ಕ್ ಪ್ಯಾಡ್ ಬದಲಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ ಗೇರಿನಲ್ಲಿ ಚಕ್ರ ತಿರುಗಿಸಿ ನೋಡಿದೆ. ತಕ್ಷಣ ಎಬಿಎಸ್ ದೀಪ ಹೊತ್ತಿತು. ಎರಡೂ ಚಕ್ರಕ್ಕೆ ಎಬಿಎಸ್ ಇದೆ.
— ವಿದ್ಯಾರ್ಥಿ, ಬೇಲೂರು

ಉತ್ತರ: ಗಾಬರಿ ಬೇಡ. ಹಿಂದಿನ ಚಕ್ರ ಓಡುತ್ತಿದ್ದು ಮುಂದಿನದು ನಿಂತೇ ಇದ್ದುದರಿಂದ ಯೂನಿಟ್ಟು ಅದನ್ನು ದೋಷವೆಂದು ಬರೆದುಕೊಂಡಿದೆ. ಕೀಲಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ರಸ್ತೆಯಲ್ಲಿ ತುಸು ದೂರ ಓಡಿಸಿ. ಎರಡೂ ಚಕ್ರ ಒಟ್ಟಿಗೆ ತಿರುಗಿದೊಡನೆ ದೀಪ ಆರಬೇಕು. ಆರದಿದ್ದರೆ ಹಿಂದಿನ ಸೆನ್ಸರಿನ ಬೋಲ್ಟ್ ಪೂರ್ತಿ ಬಿಗಿಯಾಗಿದೆಯೇ, ಸೆನ್ಸರಿಗೂ ಬಳೆಗೂ ನಡುವೆ ಕೆಸರು ಸಿಕ್ಕಿಕೊಂಡಿದೆಯೇ ನೋಡಿ.