ಮೂರು ಪುಟಕ್ಕೆ ಒಂದು ತಿಂಗಳು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವಳನ್ನು ಇಲ್ಲಿ ‘ಸ’ ಎನ್ನುತ್ತೇನೆ.

ಸ ತತ್ತ್ವಶಾಸ್ತ್ರ ಪದವಿಯ ಎರಡನೆಯ ವರ್ಷದಲ್ಲಿದ್ದಳು. ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದವಳು ಹತ್ತು ನಿಮಿಷದಲ್ಲೇ ಅಪ್ಪನ ವಿಷಯಕ್ಕೆ ಬಂದಳು. ಆ ತಿಂಗಳೆಲ್ಲ ತರಗತಿಯಲ್ಲಿ ಅಮೆರಿಕದ ತತ್ತ್ವಜ್ಞಾನಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಬರೆದ ಲೇಖನದ ಚರ್ಚೆ ನಡೆದಿತ್ತು. ಸಕಾರಣವಾದ, ನಿಜವೂ ಆದ ನಂಬಿಕೆಯನ್ನೆಲ್ಲ ಜ್ಞಾನ ಎನ್ನಬಹುದೇ ಎಂಬುದು ಅದರ ಪ್ರಶ್ನೆ. ಲೇಖನ ಇರುವುದು ಮೂರೇ ಪುಟ. “ಮೂರು ಪುಟ ಓದಲು ಒಂದು ತಿಂಗಳೇ? ಇದನ್ನು ಓದಿ ಮುಂದೆ ಏನು ಮಾಡುತ್ತೀಯ?” ಎಂದು ಅಪ್ಪ ಫೋನಿನಲ್ಲಿ ಕೇಳಿದ್ದರು. ಅವಳು ಉತ್ತರಿಸದೆ ಫೋನ್ ಇಟ್ಟಿದ್ದಳು. ಆಮೇಲೆ ಎರಡು ವಾರ ಮಾತಿಲ್ಲ.

ಮೊದಲ ಭೇಟಿಯಲ್ಲಿ ಎಡವಿದ್ದು ನಾನು. ಧೈರ್ಯ ತುಂಬುವ ಆತುರದಲ್ಲಿ ದೊಡ್ಡ ಹೆಸರುಗಳನ್ನು ಹೇಳಿದೆ. ಲಿಂಕ್ಡ್‌ಇನ್ ಕಟ್ಟಿದವರಲ್ಲಿ ಒಬ್ಬರಾದ ರೀಡ್ ಹಾಫ್‌ಮನ್, ಕಚೇರಿಗಳ ಸಂದೇಶ ಆ್ಯಪ್ ಸ್ಲ್ಯಾಕ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೂವರ್ಟ್ ಬಟರ್‌ಫೀಲ್ಡ್, ಇಬ್ಬರೂ ತತ್ತ್ವಶಾಸ್ತ್ರ ಓದಿದವರು. ಕ್ಲಾಡ್ ಶಾನನ್ ಎಂಬ ಅಮೆರಿಕದ ವಿಜ್ಞಾನಿ ತತ್ತ್ವಶಾಸ್ತ್ರದ ತರಗತಿಯಲ್ಲಿ ಗಣಿತಜ್ಞ ಜಾರ್ಜ್ ಬೂಲ್‌ನ ತರ್ಕವನ್ನು ಕಲಿತು, 1937ರ ಪ್ರಬಂಧದಲ್ಲಿ ಅದನ್ನು ವಿದ್ಯುತ್ ಸ್ವಿಚ್ಚುಗಳ ಜೋಡಣೆಗೆ ಅನ್ವಯಿಸಿದ. ಇಂದಿನ ಡಿಜಿಟಲ್ ಸರ್ಕ್ಯೂಟ್‌ಗಳಿಗೆ ಬುನಾದಿಯಾದದ್ದು ಅದೇ.

ಸ ಪೂರ್ತಿ ಕೇಳಿಸಿಕೊಂಡಳು. “ಗೆದ್ದವರನ್ನಷ್ಟೇ ಎಣಿಸಿದ್ದೀರಿ ಮೇಡಂ. ಗೆಲ್ಲದವರ ಲೆಕ್ಕ ಎಲ್ಲಿ? ಇನ್ನು ಶಾನನ್ ಪದವಿ ಪಡೆದದ್ದು ಎಂಜಿನಿಯರಿಂಗ್ ಮತ್ತು ಗಣಿತದಲ್ಲಿ. ತತ್ತ್ವಶಾಸ್ತ್ರ ಅವನಿಗೆ ಒಂದು ತರಗತಿ ಮಾತ್ರ.”

ನನಗೆ ಮುಜುಗರವೂ ಆಯಿತು, ಖುಷಿಯೂ ಆಯಿತು. ನನ್ನ ವಾದವನ್ನು ಇಷ್ಟು ಸಲೀಸಾಗಿ ಬಿಚ್ಚಿಟ್ಟ ನೀವು ಅಪ್ಪನ ಮುಂದೆ ಏಕೆ ಸುಮ್ಮನಾದಿರಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಅವರ ಪ್ರಶ್ನೆಯಲ್ಲಿ ತಪ್ಪು ಕಾಣಲಿಲ್ಲ” ಎಂದಳು. ಭಯ ಅವಳದ್ದೂ ಆಗಿತ್ತು. ಅಪ್ಪ ಅದನ್ನು ಬಾಯಿಬಿಟ್ಟು ಕೇಳಿದ್ದರು, ಅಷ್ಟೇ.

ಉದ್ಯೋಗಗಳ ಪಟ್ಟಿಯನ್ನು ನಾನು ಕೊಡಲಿಲ್ಲ. ಆ ಮೂರು ಪುಟಗಳಲ್ಲಿ ಏನಿದೆ ಎಂಬುದನ್ನು ಅಪ್ಪನ ಕೆಲಸದ ಭಾಷೆಯಲ್ಲಿ ಅರ್ಧ ಪುಟಕ್ಕೆ ಇಳಿಸಿ ಅವರಿಗೇ ಕಳಿಸಿ ಎಂದೆ. ಅವರು ಲೆಕ್ಕಪರಿಶೋಧಕರು. ಮೂರು ಸಲ ಹರಿದು ಹಾಕಿ ಅವಳು ಬರೆದದ್ದರ ತಿರುಳು ಇದು: ಎರಡು ತಪ್ಪು ನಮೂದುಗಳು ಒಂದನ್ನೊಂದು ಸರಿದೂಗಿಸಿ ಒಟ್ಟು ಮೊತ್ತ ಸರಿಯಾಗಿಯೇ ಬಂದರೆ, ಆ ಮೊತ್ತ ನಿಮಗೆ ‘ಗೊತ್ತಿತ್ತು’ ಎನ್ನಬಹುದೇ?

ಅಪ್ಪ ಅಂದೇ ರಾತ್ರಿ ಫೋನ್ ಮಾಡಿ ಮುಕ್ಕಾಲು ಗಂಟೆ ವಾದಿಸಿದರಂತೆ. “ಅಂಥ ತಪ್ಪು ಹಿಡಿಯುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ನಿನಗೆ ಯಾರು ಕೊಡುತ್ತಾರೆ?” ಎಂದರಂತೆ. ನ್ಯಾಯವಾದ ಪ್ರಶ್ನೆ. ಮುಂದಿನ ಎರಡು ಭೇಟಿಗಳು ಅದಕ್ಕೇ ಹೋದವು.

ನಾನು ಹೇಳಿದ್ದು ಇಷ್ಟು. ಈ ಪದವಿಗೆ ವೈದ್ಯಕೀಯದ ಹಾಗೆ ನೇರ ದಾರಿಯಿಲ್ಲ. ಇದನ್ನು ಓದಿದವರು ಕಾನೂನು, ಪತ್ರಿಕೋದ್ಯಮ, ಸಾರ್ವಜನಿಕ ನೀತಿ, ತಂತ್ರಾಂಶ, ವೈದ್ಯಕೀಯ ನೀತಿಶಾಸ್ತ್ರಗಳಿಗೆ ಹೋಗುತ್ತಾರೆ, ನಿಜ. ಆದರೆ ಬಹುಮಟ್ಟಿಗೆ ಅಲ್ಲೆಲ್ಲ ಇನ್ನೊಂದು ಕಲಿಕೆ ಬೇಕು. ಶಾನನ್ ಬಗ್ಗೆ ಅವಳೆತ್ತಿದ ಆಕ್ಷೇಪವನ್ನೇ ಅವಳಿಗೆ ತಿರುಗಿಸಿಕೊಟ್ಟೆ: ಜೊತೆಗೊಂದು ವಿಷಯ ಹಿಡಿಯಿರಿ. ತರ್ಕದಲ್ಲಿ ಅವಳಿಗೆ ಆಸಕ್ತಿಯಿತ್ತು, ಹಾಗಾಗಿ ಸಂಖ್ಯಾಶಾಸ್ತ್ರ ಎಂದು ನಿರ್ಧಾರವಾಯಿತು. ಅಧ್ಯಾಪನದ ಕನಸಿದ್ದರೆ ಕಾಯಂ ಹುದ್ದೆಗಳು ಕಡಿಮೆ ಎಂಬುದನ್ನು ಈಗಲೇ ತಿಳಿದಿರಿ, ಸಾಲ ಮಾಡಿ ಪಿಎಚ್.ಡಿ.ಗೆ ಸೇರಬೇಡಿ ಎಂದೆ. ಸಂದರ್ಶನದಲ್ಲಿ “ನನಗೆ ವಿಮರ್ಶಾತ್ಮಕ ಚಿಂತನೆ ಬರುತ್ತದೆ” ಎನ್ನುವ ಬದಲು (ಆ ಮಾತು ಕೇಳಿ ಕೇಳಿ ನನಗೇ ಸಾಕಾಗಿದೆ) ಚೆನ್ನಾಗಿ ತಿದ್ದಿದ ಒಂದು ಪ್ರಬಂಧವನ್ನೋ ಆ ಅರ್ಧ ಪುಟವನ್ನೋ ಮುಂದಿಡಿ ಎಂದೂ ಹೇಳಿದೆ.

ಈಗ ನಿದ್ದೆ ಪರವಾಗಿಲ್ಲ. ಸಂಖ್ಯಾಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ಮಾತ್ರ ಅಂಚಿನಲ್ಲಿ ಪಾಸಾಗಿದ್ದಾಳೆ, ಬಿಟ್ಟುಬಿಡಲೇ ಎಂದು ಕೇಳಿದ್ದಾಳೆ. ಎರಡನೆಯದನ್ನೂ ಬರೆದು ಬನ್ನಿ ಎಂದಿದ್ದೇನೆ.